ಜ್ವರ ಬಂದ ದಿನ ಯಾವ ಮಾತ್ರೆ ನಿಲ್ಲಿಸಬೇಕು, ಯಾವುದನ್ನು ನಿಲ್ಲಿಸಲೇಬಾರದು?

ಗೃಹಿಣಿ, ಡೊಂಬಿವಲಿ ಪೂರ್ವ

ಎಲ್ಲರಿಗೂ ನಮಸ್ಕಾರ. ಒಂಬತ್ತು ವರ್ಷಗಳಿಂದ ನನಗೆ ರುಮಟಾಯ್ಡ್ ಆರ್ಥ್ರೈಟಿಸ್ ಇದೆ, ಕೀಲುಗಳಲ್ಲಿ ಬಾವು ತರುವ ಆಟೋಇಮ್ಯೂನ್ ಕಾಯಿಲೆ (ರೋಗನಿರೋಧಕ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವಂಥದ್ದು). ಭಾನುವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ 15 ಮಿಲಿಗ್ರಾಂ, ದಿನವೂ ಹೈಡ್ರಾಕ್ಸಿಕ್ಲೋರೊಕ್ವಿನ್ ಮತ್ತು ಬೆಳಗಿನ ತಿಂಡಿಯಾದ ಮೇಲೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ 5 ಮಿಲಿಗ್ರಾಂ ತೆಗೆದುಕೊಳ್ಳುತ್ತೇನೆ. ಈ ಕ್ರಮದಿಂದ ಬೆರಳುಗಳ ಬಾವು ಇಳಿದು, ಮೂರು ವರ್ಷಗಳಿಂದ ಯಾರ ಸಹಾಯವೂ ಇಲ್ಲದೆ ಮನೆಗೆಲಸ ಮಾಡಿಕೊಳ್ಳುತ್ತಿದ್ದೆ.

ಮಳೆ ಹಿಡಿದ ಮೊದಲ ವಾರದಲ್ಲಿ ಮಗ ಕಾಲೇಜಿನಿಂದ ಕೆಮ್ಮು ಜ್ವರ ಹಚ್ಚಿಕೊಂಡು ಬಂದ. ಮೂರನೆಯ ದಿನ ನನಗೂ ಬಂತು. ನಮ್ಮ ಕಟ್ಟಡದ ಹಿರಿಯರೊಬ್ಬರು ಒಳ್ಳೆಯ ಮನಸ್ಸಿನಿಂದಲೇ, ‘ನಿಮ್ಮ ಮಾತ್ರೆಗಳೆಲ್ಲ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವಂಥವು, ಜ್ವರ ಬಿಡುವ ತನಕ ಎಲ್ಲವನ್ನೂ ನಿಲ್ಲಿಸಿ’ ಎಂದರು. ನನಗೂ ಅದು ಸರಿಯೆನಿಸಿ ಮೂರನ್ನೂ ನಿಲ್ಲಿಸಿದೆ. ನಾಲ್ಕನೆಯ ದಿನ ಬೆಳಿಗ್ಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಕುಡಿದ ಗಂಜಿಯೆಲ್ಲ ವಾಂತಿಯಾಯಿತು, ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಿತ್ತು. ಆಸ್ಪತ್ರೆಗೆ ಒಯ್ದಾಗ ರಕ್ತದೊತ್ತಡ 84ಕ್ಕೆ 50 ಇತ್ತಂತೆ. ಡೆಂಗಿಯೋ ಇನ್ನೇನೋ ಎಂದು ಅವರು ಹುಡುಕುತ್ತಿದ್ದಾಗ ನಮ್ಮ ಯಜಮಾನರು ಚೀಲದಿಂದ ಮಾತ್ರೆಯ ಪಟ್ಟಿಗಳನ್ನು ತೆಗೆದು ತೋರಿಸಿದರು. ಆಗ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರು. ಸಂಜೆಯ ಹೊತ್ತಿಗೆ ನಾನು ಎದ್ದು ಕುಳಿತು ಚಹಾ ಕೇಳಿದೆ. ಗಂಟಲಿನ ಪರೀಕ್ಷೆಯಲ್ಲಿ ಇನ್‌ಫ್ಲುಯೆನ್ಸ ಎ ಎಂದು ಬಂತು.

ಈಗ ಮನೆಗೆ ಬಂದು ಹತ್ತು ದಿನಗಳಾದವು. ಒಂಬತ್ತು ವರ್ಷಗಳಲ್ಲಿ ಒಬ್ಬರೂ ನನಗೆ ‘ಈ ಒಂದು ಮಾತ್ರೆಯನ್ನು ತಟ್ಟನೆ ನಿಲ್ಲಿಸಬಾರದು’ ಎಂದು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮಳೆಗಾಲ ಇನ್ನೂ ಪೂರ್ತಿ ಮುಂದಿದೆ. ಇಂಥ ಕಾಯಿಲೆ ಇರುವವರಿಗೆ ಫ್ಲೂ, ಕೋವಿಡ್‌ನಂಥ ಸೋಂಕು ತಗಲಿದರೆ ಅಪಾಯ ನಿಜವಾಗಿ ಎಷ್ಟು, ಆ ಅಪಾಯ ಕಾಯಿಲೆಯಿಂದ ಬರುವುದೋ ಮದ್ದಿನಿಂದ ಬರುವುದೋ, ಜ್ವರದ ದಿನ ಯಾವುದನ್ನು ಬಿಡಬೇಕು ಎಂಬುದನ್ನು ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಬ್ಯಾಂಕ್ ನೌಕರ, ಮಾಟುಂಗಾ

ಅಕ್ಕ, ಓದುತ್ತಲೇ ಮೈ ಜುಮ್ಮೆಂದಿತು. ನನಗೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ (ಬೆನ್ನುಮೂಳೆಯ ಕೀಲುಗಳ ಉರಿಯೂತ) ಇದ್ದು, ಎರಡು ವಾರಕ್ಕೊಮ್ಮೆ ಅಡಾಲಿಮ್ಯುಮ್ಯಾಬ್ ಎಂಬ ಜೈವಿಕ ಮದ್ದನ್ನು (ಜೀವಕೋಶಗಳಲ್ಲಿ ತಯಾರಿಸಿದ ಪ್ರೋಟೀನ್) ಚುಚ್ಚಿಕೊಳ್ಳುತ್ತೇನೆ. ನನ್ನ ವೈದ್ಯರು ಮೊದಲ ದಿನವೇ ಹೇಳಿದ ನಿಯಮವೆಂದರೆ, ಜ್ವರವಿದ್ದ ವಾರ ಚುಚ್ಚುಮದ್ದನ್ನು ಮುಂದೂಡಿ ಫೋನ್ ಮಾಡಬೇಕು. ಹಾಗಾಗಿ ನನ್ನ ಮಟ್ಟಿಗೆ ‘ನಿಲ್ಲಿಸು’ ಎಂಬುದೇ ಸರಿಯಾದ ಸಲಹೆಯಾಗಿತ್ತು. ನಿಮಗೆ ಅದೇ ಮಾತು ಮುಳುವಾಯಿತು. ಎಲ್ಲ ಮದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೇ ತಪ್ಪೆಂದು ತೋರುತ್ತದೆ. ಡಾಕ್ಟರು ಯಾರಾದರೂ ಬಿಡಿಸಿ ಹೇಳಲಿ.

ನಿವೃತ್ತ ವೈದ್ಯ, ಪುಣೆ

ಅಮ್ಮಾ, ನಿಮಗೆ ಆದದ್ದರಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತಿವೆ. ಒಂದು ಫ್ಲೂ. ಇನ್ನೊಂದು, ಫ್ಲೂಗಿಂತ ಬೇಗ ನಿಮ್ಮನ್ನು ಕೆಡವಿದ, ದೇಹ ತಾನೇ ತಯಾರಿಸುವ ಸ್ಟೀರಾಯ್ಡ್ ಆದ ಕಾರ್ಟಿಸೋಲಿನ ಕೊರತೆ. ನಮ್ಮ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ದಿನವೂ ಕಾರ್ಟಿಸೋಲ್ ಸ್ರವಿಸುತ್ತವೆ. ಜ್ವರ, ಪೆಟ್ಟು, ಶಸ್ತ್ರಚಿಕಿತ್ಸೆಯಂಥ ಸಂದರ್ಭದಲ್ಲಿ ಅದರ ಹಲವು ಪಟ್ಟು ಸ್ರವಿಸಿ ರಕ್ತದೊತ್ತಡವನ್ನು ಕಾಯುತ್ತವೆ. ಹೊರಗಿನಿಂದ ಪ್ರೆಡ್ನಿಸೊಲೋನ್ ಕೆಲವು ವಾರಗಳಿಗಿಂತ ಹೆಚ್ಚು ಕಾಲ ಬರುತ್ತಿದ್ದರೆ ಆ ಗ್ರಂಥಿಗಳು ಕೆಲಸ ಮರೆತು ಸೋಮಾರಿಯಾಗುತ್ತವೆ, ಮತ್ತು ಅದಕ್ಕೆ ದಿನಕ್ಕೆ 5 ಮಿಲಿಗ್ರಾಂ ಸಾಕು. ದೇಹಕ್ಕೆ ಹೆಚ್ಚು ಬೇಕಾದ ದಿನವೇ ನೀವು ಇದ್ದದ್ದನ್ನೂ ನಿಲ್ಲಿಸಿದಿರಿ. ಆದ್ದರಿಂದ ದೀರ್ಘಕಾಲ ಸ್ಟೀರಾಯ್ಡ್ ನುಂಗುತ್ತಿರುವವರು ಜ್ವರ ಬಂದಾಗ ಅದನ್ನು ನಿಲ್ಲಿಸಕೂಡದು. ಬಹಳಷ್ಟು ಸಲ ವೈದ್ಯರು ಆ ಕೆಲವು ದಿನಗಳ ಮಟ್ಟಿಗೆ ಪ್ರಮಾಣವನ್ನು ಏರಿಸುತ್ತಾರೆ. ಎಷ್ಟು ಏರಿಸಬೇಕೆಂಬುದನ್ನು ನಿಮ್ಮ ವೈದ್ಯರಿಂದ ಮೊದಲೇ ಬರೆಸಿಕೊಳ್ಳಿ. ಮಾತ್ರೆ ವಾಂತಿಯಾಗಿ ಹೋಗುತ್ತಿದ್ದರೆ ಮನೆಯಲ್ಲಿ ಕಾಯುತ್ತ ಕೂರಬೇಡಿ, ಚುಚ್ಚುಮದ್ದೇ ಬೇಕು.

ಇನ್ನು ಅಪಾಯದ ಪ್ರಮಾಣದ ಪ್ರಶ್ನೆ. ಆಟೋಇಮ್ಯೂನ್ ಕಾಯಿಲೆ ಎಂದರೆ ರೋಗನಿರೋಧಕ ಶಕ್ತಿ ಹೆಚ್ಚಾಗಿದೆ ಎಂದು ಕೆಲವರೂ ಕಡಿಮೆಯಾಗಿದೆ ಎಂದು ಕೆಲವರೂ ತಿಳಿಯುತ್ತಾರೆ. ವಾಸ್ತವದಲ್ಲಿ ಅದು ದಾರಿ ತಪ್ಪಿದೆ: ತನ್ನ ಕೀಲುಗಳ ಮೇಲೆ ಕಾವಲುಗಾರರನ್ನು ಬಿಟ್ಟಿರುವ ದೇಹ, ವೈರಾಣು ಬಂದಾಗ ಆ ಬಾಗಿಲಿಗೆ ಸಾಕಷ್ಟು ಜನರನ್ನು ಕಳಿಸಲಾರದು. ಅಮೆರಿಕದ ರೋಚೆಸ್ಟರ್ ನಗರದಲ್ಲಿ 1955ರಿಂದ 1994ರವರೆಗಿನ ರುಮಟಾಯ್ಡ್ ರೋಗಿಗಳನ್ನು ಅದೇ ಊರಿನ ಇತರರೊಂದಿಗೆ ಹೋಲಿಸಿ ನೋಡಿದಾಗ, ಖಚಿತಪಟ್ಟ ಸೋಂಕುಗಳ ಸಂಭವ ಸುಮಾರು 1.7 ಪಟ್ಟು ಕಂಡುಬಂತು. ಆ ದಶಕಗಳಲ್ಲಿ ಇಂದಿನ ಜೈವಿಕ ಮದ್ದುಗಳು ಇರಲಿಲ್ಲ ಎಂಬುದನ್ನು ಗಮನಿಸಬೇಕು; ಎಂದರೆ ಕಾಯಿಲೆಗೇ ಅದರಲ್ಲಿ ಪಾಲಿದೆ.

ಮದ್ದಿನ ಪಾಲನ್ನು ನೋಡುವಾಗ ಮೊದಲ ಅನುಮಾನ ಸ್ಟೀರಾಯ್ಡಿನ ಮೇಲೆ ಹೋಗಬೇಕು. ಅಮೆರಿಕದ ಮೆಡಿಕೇರ್ ವಿಮೆಯ ದಾಖಲೆಗಳನ್ನಾಧರಿಸಿ 2020ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಸ್ಟೀರಾಯ್ಡ್ ಇಲ್ಲದ ರುಮಟಾಯ್ಡ್ ರೋಗಿಗಳಲ್ಲಿ ವರ್ಷಕ್ಕೆ ನೂರಕ್ಕೆ 8.6 ಮಂದಿ ಸೋಂಕಿನಿಂದ ಆಸ್ಪತ್ರೆ ಸೇರುತ್ತಿದ್ದರು. ದಿನಕ್ಕೆ 5 ಮಿಲಿಗ್ರಾಂ ಅಥವಾ ಕಡಿಮೆ ನುಂಗುತ್ತಿದ್ದವರಲ್ಲಿ 11, ಹತ್ತಕ್ಕಿಂತ ಹೆಚ್ಚು ನುಂಗುತ್ತಿದ್ದವರಲ್ಲಿ 17.7. ಅವರಲ್ಲಿ ಹೆಚ್ಚಿನವರು ವಯಸ್ಸಾದವರಾದ್ದರಿಂದ ಈ ಅಂಕಿಗಳನ್ನು ನಿಮಗೆ ನೇರವಾಗಿ ಹಚ್ಚಿಕೊಳ್ಳಬೇಡಿ, ಆದರೆ ಏರಿಕೆಯ ಮೆಟ್ಟಿಲುಗಳನ್ನು ನೋಡಿ. ಕೋವಿಡ್ ಕಾಲದಲ್ಲೂ ಇದೇ ಕಂಡಿತು. 40 ದೇಶಗಳ 600 ರೋಗಿಗಳ ಮೊದಲ ಜಾಗತಿಕ ದಾಖಲೆಯಲ್ಲಿ ದಿನಕ್ಕೆ 10 ಮಿಲಿಗ್ರಾಂ ಅಥವಾ ಹೆಚ್ಚು ಪ್ರೆಡ್ನಿಸೊಲೋನ್ ಸೇವಿಸುತ್ತಿದ್ದವರು ಆಸ್ಪತ್ರೆ ಸೇರುವ ಸಂಭವ ಇಮ್ಮಡಿಯಾಗಿತ್ತು. ಮಾಟುಂಗಾದವರು ಹೇಳಿದ ಅಡಾಲಿಮ್ಯುಮ್ಯಾಬ್ ಗುಂಪಿನ ಮದ್ದು ಪಡೆಯುತ್ತಿದ್ದವರಲ್ಲಿ ಆ ಸಂಭವ ಕಡಿಮೆಯೇ ಇತ್ತು. ಮುಂದಿನ ವರ್ಷ ದೊಡ್ಡ ದಾಖಲೆ ಬಂದಾಗ ಇನ್ನೊಂದು ಮಾತು ತಿಳಿಯಿತು: ಕಾಯಿಲೆ ಹತೋಟಿ ತಪ್ಪಿ ಉರಿಯುತ್ತಿದ್ದವರಲ್ಲಿ ಸಾವಿನ ಪ್ರಮಾಣ ಹೆಚ್ಚು. ಹೀಗಾಗಿ ಹೆದರಿ ಮದ್ದು ಬಿಟ್ಟು ಕಾಯಿಲೆ ಕೆರಳಿಸಿಕೊಳ್ಳುವವರು ಸೋಂಕಿನಿಂದ ದೂರ ಹೋಗುವುದಿಲ್ಲ, ಅದಕ್ಕೆ ಇನ್ನಷ್ಟು ಹತ್ತಿರವಾಗುತ್ತಾರೆ.

ಜ್ವರದ ದಿನದ ರೂಢಿ ಸ್ಥೂಲವಾಗಿ ಹೀಗಿದೆ. ಹೈಡ್ರಾಕ್ಸಿಕ್ಲೋರೊಕ್ವಿನ್, ಸಲ್ಫಸಲಜೀನ್ ಮುಂದುವರಿಸಬಹುದು. ಬರಿಯ ಮೂಗು ಸೋರುವ ನೆಗಡಿಗೆ ಮೆಥೊಟ್ರೆಕ್ಸೇಟ್ ಬಿಡಬೇಕಾಗಿಲ್ಲ. ಜ್ವರ ಜೋರಾಗಿದ್ದರೆ, ಆ್ಯಂಟಿಬಯೋಟಿಕ್ ಬೇಕಾಗುವಷ್ಟು ಸೋಂಕಿದ್ದರೆ ಅಥವಾ ನೀರೂ ಕುಡಿಯಲಾಗದ ಸ್ಥಿತಿಯಿದ್ದರೆ ಆ ವಾರದ ಪಾಳಿಯನ್ನು ಬಿಟ್ಟು, ಚೇತರಿಸಿಕೊಂಡ ಮೇಲೆ ಶುರುಮಾಡುತ್ತಾರೆ. ನೀರಿನ ಮಾತನ್ನು ಯಾಕೆ ಎತ್ತಿದೆನೆಂದರೆ, ಮೆಥೊಟ್ರೆಕ್ಸೇಟ್ ಹೊರಹೋಗುವುದು ಮೂತ್ರಪಿಂಡದ ಮೂಲಕ. ದೇಹ ಒಣಗಿದರೆ ಅದು ರಕ್ತದಲ್ಲೇ ಉಳಿದು ವಿಷವಾಗುತ್ತದೆ. ಜೈವಿಕ ಚುಚ್ಚುಮದ್ದುಗಳನ್ನೂ ಟೋಫಾಸಿಟಿನಿಬ್‌ನಂಥ ಮಾತ್ರೆಗಳನ್ನೂ ಜ್ವರ ಪೂರ್ಣ ಬಿಡುವವರೆಗೆ ತಡೆಹಿಡಿಯುತ್ತಾರೆ. ಸ್ಟೀರಾಯ್ಡ್ ಮಾತ್ರ ಎಂದೂ ನಿಲ್ಲಿಸುವ ಪಟ್ಟಿಯಲ್ಲಿಲ್ಲ.

ಉಪನ್ಯಾಸಕಿ, ಕೋಥ್ರೂಡ್, ಪುಣೆ

ಡಾಕ್ಟರೇ, ಹೈಡ್ರಾಕ್ಸಿಕ್ಲೋರೊಕ್ವಿನ್ ಹೆಸರು ಕೇಳಿದಾಗ ನನಗೆ ಬೇರೊಂದು ಕಾಲ ನೆನಪಾಗುತ್ತದೆ. ನನಗೆ ಹದಿನಾಲ್ಕು ವರ್ಷಗಳಿಂದ ಲೂಪಸ್ (ಚರ್ಮ, ಕೀಲು, ಒಳಾಂಗಗಳನ್ನು ಕಾಡುವ ಆಟೋಇಮ್ಯೂನ್ ಕಾಯಿಲೆ) ಇದೆ. 2020ರ ಮಾರ್ಚ್ ಕೊನೆಯ ವಾರದಲ್ಲಿ, ಕೊರೊನಾ ತಡೆಗೆ ಆರೋಗ್ಯ ಸಿಬ್ಬಂದಿ ಈ ಮಾತ್ರೆ ನುಂಗಬಹುದೆಂಬ ಸಲಹೆ ಹೊರಬಿದ್ದದ್ದೇ ತಡ, ಇಡೀ ಕೋಥ್ರೂಡಿನಲ್ಲಿ ಒಂದು ಪಟ್ಟಿಯೂ ಸಿಗಲಿಲ್ಲ. ಸರ್ಕಾರ ಅದನ್ನು ಷೆಡ್ಯೂಲ್ ಎಚ್1ಕ್ಕೆ ಸೇರಿಸಿ, ಚೀಟಿಯಿಲ್ಲದೆ ಮಾರಕೂಡದೆಂದು ಬಿಗಿ ಮಾಡುವಷ್ಟರಲ್ಲಿ ಬೇಕಿಲ್ಲದವರ ಕಪಾಟು ತುಂಬಿತ್ತು. ನಾನು ಹತ್ತೊಂಬತ್ತು ದಿನ ಮಾತ್ರೆಯಿಲ್ಲದೆ ಕಳೆದೆ. ಮುಖದ ಕೆಂಪು ಕಲೆ ಮರಳಿ ಬಂತು. ಜೂನ್ ತಿಂಗಳಲ್ಲಿ ಬ್ರಿಟನ್ನಿನ ದೊಡ್ಡ ಪರೀಕ್ಷೆಯಿಂದ ಅದು ಕೋವಿಡ್‌ಗೆ ಉಪಯೋಗವಿಲ್ಲವೆಂದು ಗೊತ್ತಾಯಿತು. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ ಎಂದರೆ ಕ್ಷಮಿಸಬೇಕು.

ಲೂಪಸ್ ಇರುವವರು ಒಂದು ಸಂಗತಿಯನ್ನು ತಿಳಿದಿರಬೇಕೆಂದು ಸೇರಿಸುತ್ತೇನೆ. ನಮ್ಮಲ್ಲಿ ಮದ್ದಿಲ್ಲದಿದ್ದರೂ ಬಿಳಿ ರಕ್ತಕಣಗಳು, ಅದರಲ್ಲೂ ಲಿಂಫೊಸೈಟುಗಳು, ಕಾಯಿಲೆಯಿಂದಲೇ ಕಡಿಮೆ ಇರುತ್ತವೆ. ಜ್ವರ ಬಂದಾಗ ಅದು ಸೋಂಕಿನ ಜ್ವರವೋ ಲೂಪಸ್ ಕೆರಳಿದ ಜ್ವರವೋ ಎಂಬುದು ನಮಗೆ ಹೋಗಲಿ, ವೈದ್ಯರಿಗೂ ಕೂಡಲೇ ಹೊಳೆಯುವುದಿಲ್ಲ. ಒಮ್ಮೆ ನಾನು ಎಲ್ಲವನ್ನೂ ಲೂಪಸ್ಸಿನ ಲೆಕ್ಕಕ್ಕೆ ಹಾಕಿ ಎಂಟು ದಿನ ಕಾದದ್ದು ನ್ಯುಮೋನಿಯ ಆಗಿತ್ತು.

ಹಬ್ಬದ ಮಾತನ್ನೂ ಆಡಬೇಕು. ನಮ್ಮ ಕಡೆ ಫ್ಲೂ ಏರುವುದು ಮಳೆಗಾಲದಲ್ಲಿ ಒಮ್ಮೆ, ಚಳಿಗಾಲದ ಕೊನೆಯಲ್ಲಿ ಇನ್ನೊಮ್ಮೆ. ಮೊದಲನೆಯದು ಸರಿಯಾಗಿ ಗಣೇಶೋತ್ಸವದ ಜನಜಂಗುಳಿಯ ಮೇಲೆ ಬಂದು ಕೂರುತ್ತದೆ. 2009ರ ಆಗಸ್ಟ್ 3ರಂದು ಹಂದಿಜ್ವರದಿಂದ ದೇಶದ ಮೊದಲ ಸಾವು ಸಂಭವಿಸಿದ್ದು ಈ ಊರಿನಲ್ಲೇ. ಆ ವರ್ಷ ನಾಯ್ಡು ಆಸ್ಪತ್ರೆಯ ಮುಂದೆ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ನಿಂತಿದ್ದ ಸಾಲನ್ನು ಪುಣೆಯವರು ಮರೆತಿಲ್ಲ. ಅಂದಿನಿಂದ ನಾನು ಮಂಟಪಗಳ ದರ್ಶನಕ್ಕೆ ಬೆಳಿಗ್ಗೆ ಆರಕ್ಕೇ ಹೋಗಿ ಬರುತ್ತೇನೆ. ಗಣಪತಿಗೆ ಬೇಸರವಾದಂತೆ ಕಾಣುವುದಿಲ್ಲ.

ಹಿರಿಯ ನಾಗರಿಕ, ಠಾಣೆ

ಎಲ್ಲರೂ ಇಂಗ್ಲಿಷ್ ಮದ್ದುಗಳನ್ನೇ ಚರ್ಚಿಸುತ್ತಿದ್ದೀರಿ. ನಮ್ಮ ಊರಿನ ಹಿತ್ತಿಲಲ್ಲಿ ಅಮೃತಬಳ್ಳಿ ಇತ್ತು. ಅದರ ಕಷಾಯ ಕುಡಿದು ಬೆಳೆದವರು ನಾವು. ಡೊಂಬಿವಲಿಯ ತಂಗಿ ದಿನವೂ ಬೆಳಿಗ್ಗೆ ಒಂದು ಲೋಟ ಕುಡಿದರೆ ರೋಗನಿರೋಧಕ ಶಕ್ತಿ ತಾನಾಗಿ ಹೆಚ್ಚುವುದು, ಸೋಂಕು ಹತ್ತಿರ ಸುಳಿಯದು ಎಂಬುದು ನನ್ನ ಅನುಭವದ ಮಾತು.

ನಿವೃತ್ತ ವೈದ್ಯ, ಪುಣೆ

ಹಿರಿಯರ ಮಾತನ್ನು ತಳ್ಳಿಹಾಕುವ ಮನಸ್ಸು ನನಗಿಲ್ಲ, ನನ್ನ ಅಜ್ಜಿಯೂ ಅದನ್ನೇ ಕುದಿಸಿ ಕೊಡುತ್ತಿದ್ದರು. ಆದರೆ ಈ ಓದುಗರಿಗೆ ಅದು ಬೇಡ. 2020ರ ಸೆಪ್ಟೆಂಬರಿನಿಂದ ಡಿಸೆಂಬರಿನೊಳಗೆ ಮುಂಬೈಯ ಯಕೃತ್ ತಜ್ಞರು ಕಾಮಾಲೆಯೊಂದಿಗೆ ಬಂದ ಆರು ಮಂದಿಯನ್ನು ಕಂಡರು. ಎಲ್ಲರೂ ಕೋವಿಡ್ ಭಯದಿಂದ ಅಮೃತಬಳ್ಳಿ ಸೇವಿಸಿದ್ದರು, ಯಕೃತ್ತಿನಲ್ಲಿ ಆಟೋಇಮ್ಯೂನ್ ಹೆಪಟೈಟಿಸ್ಸಿನ ಬಗೆಯ ಹಾನಿ ಕಾಣುತ್ತಿತ್ತು. ಆಯುಷ್ ಸಚಿವಾಲಯ ಇದನ್ನು ಒಪ್ಪದೆ, ಅದೇ ಜಾತಿಯ ಬೇರೊಂದು ಬಳ್ಳಿ ಬೆರೆತಿರಬಹುದೆಂದಿತು. ಆ ವಾದ ಅಲ್ಲಿಗೇ ಇರಲಿ. ದೇಹವೇ ತನ್ನ ಮೇಲೆ ತಾನು ಏರಿಹೋಗಿರುವ ಕಾಯಿಲೆಯಲ್ಲಿ ಆ ವ್ಯವಸ್ಥೆಯನ್ನು ಇನ್ನಷ್ಟು ಕೆರಳಿಸುವುದು ನಮಗೆ ಬೇಕಾದ ಫಲವಲ್ಲ. ಮೇಲಾಗಿ ಮೆಥೊಟ್ರೆಕ್ಸೇಟ್ ನುಂಗುವವರು ಯಕೃತ್ತಿನ ಪರೀಕ್ಷೆಯನ್ನು ಆಗಾಗ ಮಾಡಿಸಿ ಕಾಯ್ದುಕೊಳ್ಳುತ್ತಿರುವವರು. ಶುಂಠಿ, ಮೆಣಸು ಹಾಕಿದ ಸಾರು ಕುಡಿಯಲಿ, ಗಂಟಲಿಗೆ ಹಿತವಾದೀತು.

ಔಷಧದಂಗಡಿಯವನು, ಮುಲುಂಡ್

ಇಪ್ಪತ್ತೆರಡು ವರ್ಷಗಳಿಂದ ಕೌಂಟರಿನ ಹಿಂದೆ ನಿಂತು ಕಂಡದ್ದನ್ನು ಹೇಳುತ್ತೇನೆ. ಕೆಮ್ಮು ಜ್ವರಕ್ಕೆ ಹತ್ತಿರದ ಯಾರೋ ಬರೆದ ಚೀಟಿಯನ್ನು ಹಿಡಿದು ಬರುವವರು, ತಾವು ವಾರಕ್ಕೊಮ್ಮೆ ನುಂಗುವ ಹಳದಿ ಮಾತ್ರೆಯ ವಿಷಯವನ್ನು ಆ ವೈದ್ಯರಿಗೆ ಹೇಳಿಯೇ ಇರುವುದಿಲ್ಲ. ಕಳೆದ ವರ್ಷ ಒಬ್ಬ ಅಜ್ಜಿಯ ಚೀಟಿಯಲ್ಲಿ ಕೋಟ್ರೈಮಾಕ್ಸಜೋಲ್ ಇತ್ತು. ಇದು ಸಲ್ಫಾ ಆ್ಯಂಟಿಬಯೋಟಿಕ್. ಮೆಥೊಟ್ರೆಕ್ಸೇಟಿನಂತೆಯೇ ಇದೂ ಫೋಲೇಟ್ ಎಂಬ ಬಿ ಗುಂಪಿನ ಜೀವಸತ್ವದ ಕೆಲಸಕ್ಕೆ ಅಡ್ಡ ಬರುತ್ತದೆ, ಜೊತೆಗೆ ಮೆಥೊಟ್ರೆಕ್ಸೇಟ್ ಮೂತ್ರದಲ್ಲಿ ಹೊರಹೋಗುವುದನ್ನೂ ತಡೆಯುತ್ತದೆ. ಎರಡೂ ಸೇರಿದರೆ ಮೂಳೆಯ ಮಜ್ಜೆ ರಕ್ತಕಣ ತಯಾರಿಸುವುದನ್ನೇ ನಿಲ್ಲಿಸಿಬಿಡಬಹುದು. ಅಜ್ಜಿಯ ಹಳೆಯ ಬಿಲ್ಲುಗಳು ನಮ್ಮ ಕಂಪ್ಯೂಟರಿನಲ್ಲಿದ್ದುದರಿಂದ ಗೊತ್ತಾಯಿತು. ವೈದ್ಯರಿಗೆ ಫೋನ್ ಮಾಡಿದೆ, ಅವರು ಮದ್ದು ಬದಲಿಸಿದರು. ಅಜ್ಜಿ ಬೇರೆ ಅಂಗಡಿಗೆ ಹೋಗಿದ್ದರೆ?

ಇನ್ನೆರಡು ಮಾತು. ಮೆಥೊಟ್ರೆಕ್ಸೇಟನ್ನು ವಾರಕ್ಕೊಮ್ಮೆ ಎಂಬುದನ್ನು ಮರೆತು ದಿನವೂ ನುಂಗಿ ಬಾಯಿಹುಣ್ಣಿನೊಂದಿಗೆ ಬಂದವರನ್ನು ನಾನು ಮೂವರನ್ನು ಕಂಡಿದ್ದೇನೆ. ಜ್ವರದ ಮಂಪರಿನಲ್ಲಿ ಇಂಥ ತಪ್ಪು ಸುಲಭ. ಫ್ಲೂಗೆ ಕೊಡುವ ಓಸೆಲ್ಟಾಮಿವಿರ್ ಹಿಂದೆ ಆಯ್ದ ಕೆಲವು ಅಂಗಡಿಗಳಲ್ಲಿ ಮಾತ್ರ ಸಿಗುತ್ತಿತ್ತು, ಈಗ ಷೆಡ್ಯೂಲ್ ಎಚ್1 ಅಡಿಯಲ್ಲಿ ಚೀಟಿ ತೋರಿಸಿದರೆ ಸಾಮಾನ್ಯ ಅಂಗಡಿಯಲ್ಲೂ ಸಿಗುತ್ತದೆ. ಜ್ವರ ಶುರುವಾದ 48 ಗಂಟೆಯೊಳಗೆ ಶುರುಮಾಡಿದರೆ ಅದರ ಪ್ರಯೋಜನ ಹೆಚ್ಚು. ನಿಮ್ಮಂಥವರು ‘ಮೂರು ದಿನ ನೋಡೋಣ’ ಎಂದು ಕೂತರೆ ಆ ಹೊತ್ತು ಕೈತಪ್ಪುತ್ತದೆ.

ಕಾರ್ಖಾನೆ ನೌಕರ, ವಾಸ್ಕೋ, ಗೋವಾ

ನಮ್ಮವ್ವನಿಗೆ ಸ್ಕ್ಲೀರೋಡರ್ಮ (ಚರ್ಮ, ಒಳಾಂಗಗಳು ಗಟ್ಟಿಯಾಗುವ ಆಟೋಇಮ್ಯೂನ್ ಕಾಯಿಲೆ) ಇದೆ, ಶ್ವಾಸಕೋಶದ ಕೆಳಭಾಗ ಗಟ್ಟಿಯಾಗಿದೆಯೆಂದು ಆರು ತಿಂಗಳಿಗೊಮ್ಮೆ ರಿಟುಕ್ಸಿಮ್ಯಾಬ್ ಹಾಕಿಸುತ್ತಿದ್ದೇವೆ. ಮೂಲತಃ ನಾವು ಬಾಗಲಕೋಟೆ ಕಡೆಯವರು, ಅಪ್ಪ ಬಂದರಿನ ಕೂಲಿಗೆಂದು ಇಲ್ಲಿಗೆ ಬಂದವರು. ಕಳೆದ ತಿಂಗಳು ಅವ್ವನಿಗೆ ಕೋವಿಡ್ ಆಯಿತು. ಮನೆಯಲ್ಲಿ ನಮಗೆಲ್ಲ ನಾಲ್ಕು ದಿನದಲ್ಲಿ ಗುಣವಾದರೂ ಅವ್ವನ ಜ್ವರ ಹೋಗಿ ಬಂದು ಮಾಡುತ್ತ ಮೂರು ವಾರವಾದರೂ ಪರೀಕ್ಷೆಯಲ್ಲಿ ಸೋಂಕು ತೋರಿಸುತ್ತಿತ್ತು. ಲಸಿಕೆ ಹಾಕಿಸಿದ್ದೆವಲ್ಲ, ಹೀಗೇಕಾಯಿತು? ಈಗ ಜ್ವರವಿಲ್ಲ, ಒಣಕೆಮ್ಮು ಉಳಿದಿದೆ. ಬಾಂಬೋಳಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಮುಂದಿನ ವಾರ ಹೋಗಬೇಕು. ಅಲ್ಲಿ ಏನೇನು ಕೇಳಬೇಕೆಂದು ಹೇಳಿದರೆ ಬರೆದುಕೊಂಡು ಹೋಗುತ್ತೇನೆ.

ನಿವೃತ್ತ ವೈದ್ಯ, ಪುಣೆ

ತಮ್ಮಾ, ಮುಂದಿನ ವಾರದ ತನಕ ಕಾಯುವುದಕ್ಕೆ ಮೊದಲು ಒಂದು ಕೆಲಸ ಮಾಡು. ಬೆರಳಿಗೆ ಹಾಕುವ ಆಕ್ಸಿಮೀಟರಿನಲ್ಲಿ ಅವ್ವನಿಗೆ ಕುಳಿತಾಗ ಎಷ್ಟು, ಮನೆಯೊಳಗೆ ಆರು ನಿಮಿಷ ನಡೆದ ಮೇಲೆ ಎಷ್ಟು ಎಂದು ನೋಡು. ಸ್ಕ್ಲೀರೋಡರ್ಮದವರ ಬೆರಳ ತುದಿ ತಣ್ಣಗಿದ್ದು ಆ ಯಂತ್ರ ಸುಳ್ಳು ಹೇಳುವುದುಂಟು, ಆದ್ದರಿಂದ ಕೈಯನ್ನು ಬೆಚ್ಚಗೆ ಮಾಡಿಕೊಂಡು ಅಥವಾ ಕಿವಿಯ ಹಾಲೆಗೆ ಹಾಕಿ ನೋಡಬೇಕು. 94ಕ್ಕಿಂತ ಕೆಳಗಿದ್ದರೆ ಅಥವಾ ನಡೆದಾಗ ಸಂಖ್ಯೆ ಕುಸಿದರೆ ಅಂದೇ ಹೊರಡು.

ರಿಟುಕ್ಸಿಮ್ಯಾಬ್ ಬಿ ಕೋಶಗಳನ್ನು ಅಳಿಸುತ್ತದೆ. ಪ್ರತಿಕಾಯ ತಯಾರಿಸುವ ಕಾರ್ಖಾನೆಗೆ ಕೂಲಿಯಾಳು ಬರುವುದು ಆ ಕೋಶಗಳಿಂದ. ಒಂದು ಸುತ್ತು ಮದ್ದಿನ ನಂತರ ಆರು ತಿಂಗಳು, ಕೆಲವರಲ್ಲಿ ಅದಕ್ಕೂ ಹೆಚ್ಚು ಕಾಲ ಅವು ಇರುವುದಿಲ್ಲ. ಆ ಅವಧಿಯಲ್ಲಿ ಹಾಕಿಸಿದ ಲಸಿಕೆ ಬಹುಪಾಲು ಪ್ರತಿಕಾಯ ಹುಟ್ಟಿಸುವುದಿಲ್ಲ, ಸೋಂಕು ಬಂದರೆ ವಾರಗಟ್ಟಲೆ ತೊಲಗುವುದಿಲ್ಲ. ಹಾಗೆಂದು ಲಸಿಕೆ ವ್ಯರ್ಥವೆಂದಲ್ಲ, ಇನ್ನೊಂದು ಬಗೆಯ ರಕ್ಷಕ ಕೋಶಗಳಾದ ಟಿ ಕೋಶಗಳ ನೆರವು ಸ್ವಲ್ಪ ಸಿಗುತ್ತದೆ. ರೂಢಿಯಲ್ಲಿ ಕೋವಿಡ್, ನ್ಯುಮೊಕಾಕಸ್ (ನ್ಯುಮೋನಿಯ ತರುವ ಬ್ಯಾಕ್ಟೀರಿಯ) ಮುಂತಾದ ಲಸಿಕೆಗಳನ್ನು ಮುಂದಿನ ರಿಟುಕ್ಸಿಮ್ಯಾಬ್ ಸುತ್ತು ಹತ್ತಿರ ಬಂದಾಗ ಹಾಕಿಸಿ, ಆಮೇಲೆ ಕನಿಷ್ಠ ಎರಡು ವಾರ ಬಿಟ್ಟು ಆ ಸುತ್ತನ್ನು ಕೊಡುತ್ತಾರೆ. ಫ್ಲೂ ಲಸಿಕೆಗೆ ಮಾತ್ರ ಹಾಗೆ ಕಾಯದೆ, ಋತು ಬಂದಾಗ ಹಾಕಿಸುವುದೇ ಸರಿ.

ಉಳಿದ ಒಣಕೆಮ್ಮಿನ ಬಗ್ಗೆ ನಾನು ಕೇಳುವುದಾದರೆ ಹೀಗೆ ಕೇಳುತ್ತೇನೆ: ಇದು ಕೋವಿಡ್ಡಿನ ಉಳಿಕೆಯೋ, ಹಳೆಯ ಶ್ವಾಸಕೋಶದ ಕಾಯಿಲೆ ಮುಂದುವರಿದಿರುವುದೋ ಅಥವಾ ಕ್ಷಯವೋ? ನಮ್ಮ ದೇಶದಲ್ಲಿ ಎರಡು ವಾರ ದಾಟಿದ ಯಾವ ಕೆಮ್ಮಿಗೂ ಕಫ ಪರೀಕ್ಷೆ ಮಾಡಿಸುವುದು ನಿಯಮ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮದ್ದು ಪಡೆಯುವವರಿಗಂತೂ ಅದನ್ನು ತಪ್ಪಿಸಲೇಬಾರದು. ಮೆಥೊಟ್ರೆಕ್ಸೇಟ್ ಸೇವಿಸುವ ಇತರ ಓದುಗರೂ ಗಮನಿಸಿ: ಆ ಮಾತ್ರೆಯೇ ಅಪರೂಪಕ್ಕೆ ಶ್ವಾಸಕೋಶದಲ್ಲಿ ಉರಿಯೂತ ತರುತ್ತದೆ, ಹೆಚ್ಚಾಗಿ ಮೊದಲ ವರ್ಷದಲ್ಲಿ. ಒಣಕೆಮ್ಮು, ಜ್ವರ, ಉಬ್ಬಸ ಎಲ್ಲವೂ ವೈರಾಣು ಸೋಂಕಿನಂತೆಯೇ ಇರುತ್ತವೆ. ಗಂಟಲ ಪರೀಕ್ಷೆ ಸರಿಯಿದ್ದು ಉಸಿರು ಮಾತ್ರ ಕುಂದುತ್ತ ಹೋದರೆ ಈ ಅನುಮಾನ ಬರಬೇಕು.

ಓದುಗ, ಅಂಧೇರಿ

ನನ್ನ ತಂದೆಯವರಿಗಾದದ್ದನ್ನು ಸೇರಿಸುತ್ತೇನೆ. ಅವರು ಟೋಸಿಲಿಜುಮ್ಯಾಬ್ ಎಂಬ ಜೈವಿಕ ಮದ್ದು ಪಡೆಯುತ್ತಿದ್ದರು. ಜ್ವರ 99 ದಾಟಿರಲಿಲ್ಲ, ರಕ್ತ ಪರೀಕ್ಷೆಯಲ್ಲಿ ಉರಿಯೂತದ ಗುರುತಾದ ಸಿಆರ್‌ಪಿ ಸರಿಯಾಗಿತ್ತು, ಸೋಂಕೇನೂ ಇಲ್ಲವೆಂದು ಮನೆಗೆ ಕಳಿಸಿದರು. ಎರಡು ದಿನಗಳ ಮೇಲೆ ಎಕ್ಸ್‌ರೇಯಲ್ಲಿ ಎರಡೂ ಕಡೆ ನ್ಯುಮೋನಿಯ. ಆಮೇಲೆ ತಜ್ಞರು ವಿವರಿಸಿದ ಪ್ರಕಾರ, ಸಿಆರ್‌ಪಿಯನ್ನು ಯಕೃತ್ತು ತಯಾರಿಸುವುದು ಐಎಲ್-6 ಎಂಬ ಸಂದೇಶದ ಮೇರೆಗೆ. ಆ ಮದ್ದು ಆ ಸಂದೇಶವನ್ನೇ ತಡೆಯುತ್ತದೆ. ಹಾಗಾಗಿ ಬೆಂಕಿ ಬಿದ್ದರೂ ಗಂಟೆ ಬಾರಿಸುವುದಿಲ್ಲ. ಈ ಮದ್ದು ಪಡೆಯುವವರು ಪರೀಕ್ಷೆ ಬರೆಯುವ ವೈದ್ಯರಿಗೆ ಇದನ್ನು ಬಾಯಿಬಿಟ್ಟು ಹೇಳಬೇಕು. ಸ್ಟೀರಾಯ್ಡ್ ಕೂಡ ಜ್ವರವನ್ನು ಮರೆಮಾಚುತ್ತದೆಂದು ಅವರೇ ಹೇಳಿದರು.

ನಿವಾಸಿ, ಸಿಂಹಗಡ ರಸ್ತೆ, ಪುಣೆ

ಫ್ಲೂ ಲಸಿಕೆಯ ಮಾತು ಬಂದದ್ದಕ್ಕೆ ಕೇಳುತ್ತೇನೆ. 2025ರ ಜನವರಿಯಲ್ಲಿ ನಮ್ಮ ರಸ್ತೆಯ ಆಸುಪಾಸಿನಲ್ಲಿ ಗಿಲಿಯನ್ ಬಾರಿ (ದೇಹ ತನ್ನ ನರಗಳ ಮೇಲೆಯೇ ಎರಗುವ ಕಾಯಿಲೆ) ಹರಡಿದಾಗ ಕೈಕಾಲಿನ ಬಲ ಹೋಗಿ ವೆಂಟಿಲೇಟರ್ ಸೇರಿದವರನ್ನು ಕಣ್ಣಾರೆ ಕಂಡಿದ್ದೇನೆ. ಅದೂ ಆಟೋಇಮ್ಯೂನ್ ಕಾಯಿಲೆಯೇ, ಫ್ಲೂ ಲಸಿಕೆಯಿಂದಲೂ ಬರುತ್ತದೆ ಎನ್ನುತ್ತಾರೆ. ನನ್ನ ಪತ್ನಿಗೆ ಶೋಗ್ರೆನ್ಸ್ (ಕಣ್ಣು, ಬಾಯಿ ಒಣಗಿಸುವ ಆಟೋಇಮ್ಯೂನ್ ಕಾಯಿಲೆ) ಇದೆ. ಲಸಿಕೆ ಹಾಕಿಸಲು ನಮಗೆ ಧೈರ್ಯವಾಗುತ್ತಿಲ್ಲ.

ನಿವೃತ್ತ ವೈದ್ಯ, ಪುಣೆ

ನಿಮ್ಮ ಹಿಂಜರಿಕೆ ಅರ್ಥವಾಗುತ್ತದೆ, ಆ ತಿಂಗಳು ನಾವೆಲ್ಲ ನೀರನ್ನು ಕುದಿಸಿ ಕುಡಿದವರು. ಅಂದಿನ ಹಾವಳಿಗೆ ಮುಖ್ಯ ಕಾರಣವಾಗಿ ಕಂಡದ್ದು ಕಲುಷಿತ ನೀರಿನ ಕ್ಯಾಂಪೈಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯ; ಲಸಿಕೆಗೂ ಅದಕ್ಕೂ ಸಂಬಂಧವಿರಲಿಲ್ಲ. ಲಸಿಕೆಯ ಮೇಲಿನ ಆರೋಪ ಹುಟ್ಟಿದ್ದು 1976ರ ಅಮೆರಿಕದಲ್ಲಿ. ಅಂದಿನ ಹಂದಿಜ್ವರದ ಲಸಿಕೆ ಪಡೆದವರಲ್ಲಿ ಲಕ್ಷಕ್ಕೆ ಸುಮಾರು ಒಬ್ಬರಿಗೆ ಹೆಚ್ಚುವರಿಯಾಗಿ ಈ ಕಾಯಿಲೆ ಬಂತು, ಕಾರ್ಯಕ್ರಮವನ್ನೇ ನಿಲ್ಲಿಸಿದರು. ಇಂದಿನ ಲಸಿಕೆಗಳಲ್ಲಿ ಅದು ಇದ್ದರೂ ಹತ್ತು ಲಕ್ಷಕ್ಕೆ ಒಂದೆರಡು. ಫ್ಲೂ ಕಾಯಿಲೆಯಿಂದಲೇ ಗಿಲಿಯನ್ ಬಾರಿ ಬರುವ ಸಂಭವ ಅದಕ್ಕಿಂತ ಹೆಚ್ಚು. ನಿಮ್ಮ ಪತ್ನಿಗೆ ಹಿಂದೆ ಎಂದಾದರೂ ಲಸಿಕೆ ಪಡೆದ ಆರು ವಾರದೊಳಗೆ ಗಿಲಿಯನ್ ಬಾರಿ ಆಗಿದ್ದರೆ ಮಾತ್ರ ಬೇರೆ ಲೆಕ್ಕ.

ಯಾವ ಲಸಿಕೆ ಎಂಬುದನ್ನು ನೋಡಿ ಹಾಕಿಸಿ. ತೋಳಿಗೆ ಚುಚ್ಚುವ ಫ್ಲೂ ಲಸಿಕೆ ನಿರ್ಜೀವ, ಅದು ಸುರಕ್ಷಿತ. ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆಯಲ್ಲಿ ದುರ್ಬಲಗೊಳಿಸಿದ ಜೀವಂತ ವೈರಾಣು ಇರುತ್ತದೆ. ನಮ್ಮೂರಿನ ಸೀರಮ್ ಇನ್‌ಸ್ಟಿಟ್ಯೂಟ್ 2010ರಲ್ಲಿ ತಂದದ್ದು ಅಂಥದೇ. ಇಮ್ಯೂನಿಟಿ ತಗ್ಗಿಸುವ ಮದ್ದಿನಲ್ಲಿರುವವರಿಗೆ ಅದು ಸಲ್ಲದು. ಮಹಾರಾಷ್ಟ್ರ, ಗೋವಾದಲ್ಲಿ ಮಳೆಗೆ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲಿ ಹಾಕಿಸುವುದು ಉತ್ತಮ, ಏಕೆಂದರೆ ಫಲ ಬರಲು ಎರಡು ವಾರ ಬೇಕು. ತಪ್ಪಿದ್ದರೆ ಈಗಲೂ ಹಾಕಿಸಬಹುದು. ಫ್ಲೂ ಹಿಂದೆಯೇ ಬ್ಯಾಕ್ಟೀರಿಯದ ನ್ಯುಮೋನಿಯ ನುಗ್ಗುವುದರಿಂದ ನ್ಯುಮೊಕಾಕಸ್ ಲಸಿಕೆಯನ್ನೂ ಕೇಳಿ.

ಮೆಥೊಟ್ರೆಕ್ಸೇಟ್ ನುಂಗುವವರಿಗೆ ಒಂದು ಉಪಾಯವಿದೆ. ದಕ್ಷಿಣ ಕೊರಿಯಾದ ಪರೀಕ್ಷೆಯೊಂದರಲ್ಲಿ ಫ್ಲೂ ಲಸಿಕೆ ಪಡೆದ ನಂತರ ಎರಡು ವಾರ ಆ ಮಾತ್ರೆಯನ್ನು ಬಿಟ್ಟವರಲ್ಲಿ ನೂರಕ್ಕೆ ಸುಮಾರು 75 ಮಂದಿಗೆ ಸಾಕಷ್ಟು ಪ್ರತಿಕಾಯ ಬಂತು, ಬಿಡದವರಲ್ಲಿ ಸುಮಾರು 55 ಮಂದಿಗೆ. ಬ್ರಿಟನ್ನಿನಲ್ಲಿ ಕೋವಿಡ್ ಬೂಸ್ಟರಿಗೂ ಹೀಗೆ ಮಾಡಿ ನೋಡಿದಾಗ ಪ್ರತಿಕಾಯ ಇಮ್ಮಡಿಯಾಯಿತು. ಬಿಡುವುದು ಲಸಿಕೆಯ ನಂತರ, ಮೊದಲಲ್ಲ. ಅದೂ ಕೀಲುಗಳು ಹತೋಟಿಯಲ್ಲಿದ್ದರೆ, ನಿಮ್ಮ ತಜ್ಞರು ಒಪ್ಪಿದರೆ.

ಬ್ಯಾಂಕ್ ನೌಕರ, ಮಾಟುಂಗಾ

ಲೋಕಲಿನಲ್ಲಿ ಓಡಾಡುವವರಿಗೆ ಒಂದು ಸಣ್ಣ ಮಾತು. ಎಸಿ ಲೋಕಲ್ ತಂಪಾಗಿರುತ್ತದೆಂದು ನಾನು ಪಾಸು ಬದಲಿಸಿದ್ದೆ. ಮಳೆಗಾಲದ ಮೂರು ತಿಂಗಳು ಹಳೆಯ ಗಾಡಿಗೇ ಮರಳಿದ್ದೇನೆ. ಬಾಗಿಲು ತೆರೆದಿರುವುದರಿಂದ ಗಾಳಿಯಾದರೂ ಆಡುತ್ತದೆ. ಎನ್95 ಮುಖಗವಸನ್ನು ಮೂಗಿನ ಮೇಲೆ ಒತ್ತಿ ಹಾಕಿಕೊಂಡರೆ ಮೊದಲೆರಡು ದಿನ ಜನ ತಿರುಗಿ ನೋಡುತ್ತಾರೆ, ಆಮೇಲೆ ಯಾರಿಗೂ ಪುರುಸೊತ್ತಿಲ್ಲ.

ಗೃಹಿಣಿ, ಡೊಂಬಿವಲಿ ಪೂರ್ವ

ಎಲ್ಲರಿಗೂ ಕೈ ಮುಗಿಯುತ್ತೇನೆ. ಇಲ್ಲಿ ಬರೆದದ್ದನ್ನೆಲ್ಲ ಹಾಳೆಯಲ್ಲಿ ಇಳಿಸಿಕೊಂಡು ಬುಧವಾರ ನನ್ನ ತಜ್ಞರ ಬಳಿ ಹೋಗಿದ್ದೆ. ಮೊದಲು ಸ್ವಲ್ಪ ಅಸಮಾಧಾನಗೊಂಡರು, ಆಮೇಲೆ ಪೂರ್ತಿ ಓದಿದರು. ಫೈಲಿನ ಹಿಂಬದಿಯಲ್ಲಿ ತಮ್ಮ ಕೈಯಾರೆ ಬರೆದು ಸಹಿ ಮಾಡಿ ಕೊಟ್ಟಿದ್ದಾರೆ: ಜ್ವರ ಬಂದರೆ ಪ್ರೆಡ್ನಿಸೊಲೋನ್ 5 ಮಿಲಿಗ್ರಾಂ ಬೆಳಿಗ್ಗೆ, 5 ಸಂಜೆ, ಹೈಡ್ರಾಕ್ಸಿಕ್ಲೋರೊಕ್ವಿನ್ ಎಂದಿನಂತೆ, ಆ ಭಾನುವಾರದ ಮೆಥೊಟ್ರೆಕ್ಸೇಟ್ ಇಲ್ಲ, ಮೊದಲ ದಿನವೇ ಗಂಟಲ ಪರೀಕ್ಷೆ, ವಾಂತಿಯಾದರೆ ನೇರವಾಗಿ ಆಸ್ಪತ್ರೆ, ಅಲ್ಲಿ ಮೊದಲು ಈ ಹಾಳೆಯನ್ನು ತೋರಿಸುವುದು. ಸ್ಟೀರಾಯ್ಡನ್ನು ಮಳೆಗಾಲ ಮುಗಿದ ಮೇಲೆ ತಿಂಗಳಿಗೆ 1 ಮಿಲಿಗ್ರಾಮಿನಂತೆ ಇಳಿಸಿ ನೋಡೋಣವೆಂದೂ ಹೇಳಿದರು. ಹಾಳೆಯ ಒಂದು ಪ್ರತಿ ಅಡುಗೆಮನೆಯ ಕಪಾಟಿನ ಬಾಗಿಲ ಒಳಬದಿಯಲ್ಲಿದೆ, ಒಂದು ಯಜಮಾನರ ಪಾಕೀಟಿನಲ್ಲಿದೆ, ಮಗನ ಮೊಬೈಲಿನಲ್ಲಿ ಫೋಟೋ ಇದೆ. ಸಲಹೆ ಕೊಟ್ಟಿದ್ದ ನೆರೆಮನೆಯ ಹಿರಿಯರು ಬಂದು ನೋಡಿ ಬಹಳ ನೊಂದುಕೊಂಡರು. ಅವರನ್ನು ಸಮಾಧಾನ ಮಾಡುವುದೇ ಒಂದು ಕೆಲಸವಾಯಿತು.

ಆಸ್ಪತ್ರೆಯಿಂದ ಬಂದು ಚೇತರಿಸಿಕೊಂಡಿರುವುದರಿಂದ ಗುರುವಾರ ಫ್ಲೂ ಲಸಿಕೆಯನ್ನೂ ಹಾಕಿಸಿದರು, ಈ ಸಲ ಬಂದದ್ದು ಒಂದು ಬಗೆಯ ಫ್ಲೂ, ಲಸಿಕೆಯಲ್ಲಿ ಬೇರೆ ಬಗೆಗಳಿಗೂ ರಕ್ಷಣೆ ಇದೆಯಂತೆ. ಎರಡು ಭಾನುವಾರ ಮೆಥೊಟ್ರೆಕ್ಸೇಟ್ ಬೇಡವೆಂದಿದ್ದಾರೆ. ನಾನು ಕೇಳಲು ಮರೆತದ್ದು ಒಂದೇ: ಮೂರನೆಯ ಭಾನುವಾರ ಶುರುಮಾಡುವಾಗ ಬಿಟ್ಟದ್ದನ್ನೂ ಸೇರಿಸಿ ನುಂಗಬೇಕೆ?

ನಿವೃತ್ತ ವೈದ್ಯ, ಪುಣೆ

ಬೇಡ. ಮೊದಲಿನ ಪ್ರಮಾಣ ಎಷ್ಟಿತ್ತೋ ಅಷ್ಟೇ, 15 ಮಿಲಿಗ್ರಾಂ. ಬಿಟ್ಟುಹೋದ ಪಾಳಿಗಳನ್ನು ಎಂದೂ ಸೇರಿಸಿ ನುಂಗಬಾರದು. ನಡುವೆ ಬೆಳಗಿನ ಬಿಗಿತ ಒಂದು ಗಂಟೆಗಿಂತ ಹೆಚ್ಚಾದರೆ ಅವರಿಗೆ ಫೋನ್ ಮಾಡಿ.

ಕಾರ್ಖಾನೆ ನೌಕರ, ವಾಸ್ಕೋ, ಗೋವಾ

ಅವ್ವನ ಸಂಖ್ಯೆ ಕುಳಿತಾಗ 96, ನಡೆದ ಮೇಲೆ 90 ಬಂತು. ಕೈ ಬೆಚ್ಚಗೆ ಮಾಡಿ ಮತ್ತೊಮ್ಮೆ ನೋಡಿದೆ, ಅಷ್ಟೇ. ಡಾಕ್ಟರೇ, ಈಗಲೇ ಬಾಂಬೋಳಿಗೆ ಹೊರಟಿದ್ದೇವೆ.